ತಂತ್ರಾಂಶ ಬರೆದವರು ಹೋದ ಮೇಲೂ ಬರುವ ದುರಸ್ತಿ

ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರದ ಕಡೆ ಕಾಫಿ ಮತ್ತು ಕಾಳುಮೆಣಸು ಖರೀದಿಸುವ ಅಂಗಡಿಗಳಲ್ಲಿ, ಕೆಲವು ಸಹಕಾರ ಸಂಘಗಳಲ್ಲಿ ಮತ್ತು ಹೋಂಸ್ಟೇಗಳಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಇಲ್ಲೆಲ್ಲ ನಾನು ಪದೇ ಪದೇ ಕಾಣುವ ಪರಿಸ್ಥಿತಿ ಒಂದೇ. ತೂಕದ ಯಂತ್ರದ ಅಂಕಿಯನ್ನು ಓದಿ, ತೇವಾಂಶವನ್ನೂ ಔಟ್‌ಟರ್ನನ್ನೂ (ಸಂಸ್ಕರಿಸಿದಾಗ ಸಿಗುವ ಶುದ್ಧ ಬೀಜದ ಪ್ರಮಾಣ) ಸೇರಿಸಿ ಬೆಳೆಗಾರರಿಗೆ ಚೀಟಿ ಮುದ್ರಿಸಿಕೊಡುವ ಒಂದು ತಂತ್ರಾಂಶ ಹತ್ತು ಹನ್ನೆರಡು ವರ್ಷಗಳಿಂದ ನಡೆಯುತ್ತಿರುತ್ತದೆ. ಅದನ್ನು ಬರೆದುಕೊಟ್ಟ ಹುಡುಗ ಮೈಸೂರಿಗೋ ಬೆಂಗಳೂರಿಗೋ ಹೋಗಿ ಬೇರೆ ಕೆಲಸ ಹಿಡಿದಿರುತ್ತಾನೆ. ಮೂಲ ಕೋಡ್ ಯಾರ ಬಳಿಯೂ ಇರುವುದಿಲ್ಲ. ವಿಂಡೋಸ್ ಅಪ್‌ಡೇಟನ್ನು ಯಾರೋ ಯಾವಾಗಲೋ ಪೂರ್ತಿಯಾಗಿ ನಿಲ್ಲಿಸಿಟ್ಟಿರುತ್ತಾರೆ. ಬರೆದವನೇ ಇಲ್ಲದ ತಂತ್ರಾಂಶಕ್ಕೆ ಇನ್ನೆಂಥ ಅಪ್‌ಡೇಟ್ ಎಂಬುದು ನಿಲ್ಲಿಸಿದವರ ವಾದ. ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧವಾಗಿದೆ. ಬರೆದವನು ಕೈಗೆ ಸಿಗದಿರುವುದರಿಂದಲೇ ಆ ಅಪ್‌ಡೇಟ್ ಬೇಕು, ಏಕೆಂದರೆ ಅಂಥ ತಂತ್ರಾಂಶಕ್ಕೆ ಹೊರಗಿನಿಂದ ತಲುಪುವ ದುರಸ್ತಿ ಅದೊಂದೇ.

ಈ ತಂತ್ರಾಂಶಗಳಲ್ಲಿ ಬಹುಪಾಲು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ ಬಳಸಿ ಬರೆದವು. ಕಡತ ತೆರೆಯುವುದು, ಎಕ್ಸ್‌ಎಂಎಲ್ ಓದುವುದು, ಪ್ರಿಂಟರಿಗೆ ಪುಟ ಕಳುಹಿಸುವುದು, ಸೀರಿಯಲ್ ಕೇಬಲ್‌ನಿಂದ ತೂಕದ ಅಂಕಿ ಪಡೆಯುವುದು, ಡೇಟಾಬೇಸ್ ಜೊತೆ ಮಾತಾಡುವುದು ಇತ್ಯಾದಿ ಕೆಲಸಗಳನ್ನು ಆ ಹುಡುಗ ತಾನೇ ಬರೆದಿರುವುದಿಲ್ಲ. ಅವನು ಬರೆದದ್ದು ಚೀಟಿಯ ಲೆಕ್ಕ ಮತ್ತು ಪರದೆಯ ವಿನ್ಯಾಸ ಮಾತ್ರ. ಉಳಿದದ್ದೆಲ್ಲ ಫ್ರೇಮ್‌ವರ್ಕ್‌ನೊಳಗೆ ಸಿದ್ಧವಾಗಿದ್ದದ್ದನ್ನು ಕರೆದು ಬಳಸಿಕೊಂಡದ್ದು. ವಿಂಡೋಸ್‌ನಲ್ಲಿ ಈ ಫ್ರೇಮ್‌ವರ್ಕ್ ಕಾರ್ಯಾಚರಣೆ ವ್ಯವಸ್ಥೆಯ ಭಾಗವಾಗಿಯೇ ಬರುತ್ತದೆ, ವಿಂಡೋಸ್ ಫೋಲ್ಡರಿನ ಒಳಗೆ ಒಂದೇ ಕಡೆ ಇರುತ್ತದೆ, ಆ ಕಂಪ್ಯೂಟರಿನಲ್ಲಿರುವ ಎಲ್ಲ ಡಾಟ್‌ನೆಟ್ ತಂತ್ರಾಂಶಗಳೂ ಅದನ್ನೇ ಹಂಚಿಕೊಳ್ಳುತ್ತವೆ. ಅಲ್ಲಿ ಒಂದು ಭದ್ರತಾ ದೋಷವಿದ್ದರೆ ಆ ದೋಷದ ಭಾಗವನ್ನು ಬಳಸುವ ಪ್ರತಿಯೊಂದು ತಂತ್ರಾಂಶಕ್ಕೂ ಅದು ಅಂಟುತ್ತದೆ. ಅಲ್ಲಿ ದುರಸ್ತಿಯಾದರೆ, ಅಂಗಡಿಯ ತಂತ್ರಾಂಶದ ಒಂದು ಅಕ್ಷರವನ್ನೂ ಮುಟ್ಟದೆ ಎಲ್ಲಕ್ಕೂ ದುರಸ್ತಿಯಾಗುತ್ತದೆ.

ಇಂಥ ದೋಷ ಹೇಗಿರುತ್ತದೆ ಎಂದು ಕೇಳುವವರಿಗೆ ನಾನು 2017ರ ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ಸಿವಿಇ-2017-8759 ಎಂಬುದು ಅದರ ಗುರುತಿನ ಸಂಖ್ಯೆ. ಅದನ್ನು ಕಂಡುಹಿಡಿದು ವರದಿ ಮಾಡಿದ್ದು ಫೈರ್‌ಐ ಎಂಬ ಭದ್ರತಾ ಸಂಸ್ಥೆ. ವೆಬ್ ಸೇವೆಗಳ ವಿವರಣೆಯನ್ನು ಡಬ್ಲ್ಯುಎಸ್‌ಡಿಎಲ್ ಎಂಬ ರೂಪದಲ್ಲಿ ಬರೆಯುತ್ತಾರೆ. ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿದ್ದ ಒಂದು ಭಾಗ ಆ ವಿವರಣೆಯನ್ನು ಓದಿ, ಅದಕ್ಕೆ ತಕ್ಕ ಸಿ-ಶಾರ್ಪ್ ಕೋಡನ್ನು ತಾನೇ ಬರೆದು, ಕೂಡಲೇ ಕಂಪೈಲ್ ಮಾಡಿ (ಯಂತ್ರ ನಡೆಸಬಲ್ಲ ರೂಪಕ್ಕೆ ತಂದು), ನಡೆಸುತ್ತಿತ್ತು. ವಿವರಣೆಯಲ್ಲಿ ಸೇವೆಯ ವಿಳಾಸ ಒಂದಕ್ಕಿಂತ ಹೆಚ್ಚು ಇದ್ದರೆ ಮೊದಲನೆಯದನ್ನು ಇಟ್ಟುಕೊಂಡು, ಉಳಿದ ವಿಳಾಸಗಳ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿ ಅವುಗಳನ್ನು ಬರಿಯ ಟಿಪ್ಪಣಿಯಾಗಿ ಬಿಡುತ್ತಿತ್ತು; ಟಿಪ್ಪಣಿಯನ್ನು ಕಂಪೈಲರ್ ನಡೆಸುವುದಿಲ್ಲವಾದ್ದರಿಂದ ಅದರಿಂದ ಅಪಾಯವಿಲ್ಲ. ಆದರೆ ವಿಳಾಸದ ಒಳಗೆ ಹೊಸ ಸಾಲಿನ ಚಿಹ್ನೆಯನ್ನು ಅಡಗಿಸಿಟ್ಟಿದ್ದರೆ ಏನಾಗುತ್ತದೆ ಎಂಬುದನ್ನು ಆ ಭಾಗ ಪರೀಕ್ಷಿಸುತ್ತಿರಲಿಲ್ಲ. ಓರೆಗೆರೆಯ ಪ್ರಭಾವ ಆ ಒಂದು ಸಾಲಿಗಷ್ಟೇ ಇರುವುದರಿಂದ, ಹೊಸ ಸಾಲಿನ ನಂತರ ದಾಳಿಕೋರ ಬರೆದದ್ದೆಲ್ಲ ನಿಜವಾದ ಕೋಡ್ ಆಗಿ ಕಂಪೈಲ್ ಆಗಿ ನಡೆಯುತ್ತಿತ್ತು.

ದಾಳಿ ನಡೆದದ್ದು ಆರ್‌ಟಿಎಫ್ ರೂಪದ ಒಂದು ವರ್ಡ್ ದಾಖಲೆಯ ಮೂಲಕ. ದಾಖಲೆಯನ್ನು ತೆರೆದಾಗ ಅದು ದಾಳಿಕೋರರ ಸರ್ವರಿನಿಂದ ಆ ವಿವರಣೆಯನ್ನು ತರಿಸಿಕೊಂಡು, ಫ್ರೇಮ್‌ವರ್ಕ್‌ನ ಕೈಯಿಂದಲೇ ಕೋಡ್ ಕಟ್ಟಿಸಿ, ಕೊನೆಗೆ ಫಿನ್‌ಸ್ಪೈ ಎಂಬ ಬೇಹುಗಾರಿಕೆಯ ತಂತ್ರಾಂಶವನ್ನು ಇಳಿಸುತ್ತಿತ್ತು. ಇದರಲ್ಲಿ ನಾವು ಗಮನಿಸಬೇಕಾದ ಸಂಗತಿಯೆಂದರೆ, ಬಲಿಯಾದವರು ಯಾವ ಡಾಟ್‌ನೆಟ್ ತಂತ್ರಾಂಶವನ್ನೂ ತೆರೆದಿರಲಿಲ್ಲ. ಒಂದು ವರ್ಡ್ ಕಡತ ತೆರೆದರು, ಅಷ್ಟೇ. ನಮ್ಮ ಅಂಗಡಿಯಲ್ಲಿ ಟ್ಯಾಲಿ ಮತ್ತು ಎಕ್ಸೆಲ್ ಬಿಟ್ಟು ಬೇರೇನೂ ಇಲ್ಲ, ಫ್ರೇಮ್‌ವರ್ಕ್ ಅಪ್‌ಡೇಟ್ ನಮಗೇಕೆ ಎಂದು ಕೇಳುವವರಿಗೆ ಇದೇ ಉತ್ತರ. ಫ್ರೇಮ್‌ವರ್ಕ್ ವಿಂಡೋಸ್ ಇರುವಲ್ಲೆಲ್ಲ ಇದೆ.

ಆ ದೋಷಕ್ಕೆ ದುರಸ್ತಿ ಬಂದದ್ದು 2017ರ ಸೆಪ್ಟೆಂಬರ್ 12ರಂದು, ತಿಂಗಳ ಎರಡನೆಯ ಮಂಗಳವಾರದ ಮಾಮೂಲು ವಿಂಡೋಸ್ ಅಪ್‌ಡೇಟ್ ಮೂಲಕ. ಮೈಕ್ರೋಸಾಫ್ಟ್ ಈ ಎರಡನೆಯ ಮಂಗಳವಾರದ ಪದ್ಧತಿಯನ್ನು 2003ರ ಅಕ್ಟೋಬರ್‌ನಿಂದ ಪಾಲಿಸಿಕೊಂಡು ಬಂದಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ 10 ಗಂಟೆಗೆ ಅವು ಬಿಡುಗಡೆಯಾಗುವಾಗ ನಮ್ಮಲ್ಲಿ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ, ಹಾಗಾಗಿ ಕೊಡಗಿನ ಮಟ್ಟಿಗೆ ಅದು ಬುಧವಾರ ಬೆಳಗಿನ ಕೆಲಸ. ಎಲ್ಲ ತಿಂಗಳೂ ಡಾಟ್‌ನೆಟ್ ಫ್ರೇಮ್‌ವರ್ಕ್‌ಗೆ ಭದ್ರತಾ ದುರಸ್ತಿ ಇರಲೇಬೇಕೆಂದಿಲ್ಲ, ಆದರೆ ನೋಡಬೇಕಾದ ದಿನ ಅದು. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಫ್ರೇಮ್‌ವರ್ಕ್‌ನ ಅಪ್‌ಡೇಟ್ ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ನಿಂದ ಬೇರೆಯಾಗಿ, ತನ್ನದೇ ಕೆಬಿ ಸಂಖ್ಯೆಯೊಂದಿಗೆ (ಪ್ರತಿ ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ ಕೊಡುವ ಗುರುತಿನ ಸಂಖ್ಯೆ) ಬರುತ್ತದೆ. ನಮ್ಮ ಕಡೆಯ ಇಂಟರ್ನೆಟ್ ಸ್ಥಿತಿಗೆ ಇದು ದೊಡ್ಡ ಅನುಕೂಲ ಎಂಬುದನ್ನು ಮುಂದೆ ಹೇಳುತ್ತೇನೆ.

ಆವೃತ್ತಿಗಳ ವಿಷಯದಲ್ಲಿ ಜನರಿಗೆ ಅನಗತ್ಯ ಭಯವಿದೆ. ತಂತ್ರಾಂಶ 4.0ಗೆಂದು ಬರೆದದ್ದು, ಈಗ 4.8 ಹಾಕಿದರೆ ನಿಂತುಹೋಗುತ್ತದೆಯೇ ಎಂದು ಕೇಳುತ್ತಾರೆ. ಡಾಟ್‌ನೆಟ್ ಫ್ರೇಮ್‌ವರ್ಕ್‌ನ 4ರ ಸರಣಿಯಲ್ಲಿ ಹೊಸ ಆವೃತ್ತಿ ಹಳೆಯದರ ಜಾಗದಲ್ಲೇ ಕುಳಿತುಕೊಳ್ಳುತ್ತದೆ, 4.0ಗೆ ಬರೆದ ತಂತ್ರಾಂಶ 4.8ರ ಮೇಲೆ ನಡೆಯುವಂತೆಯೇ ಅದನ್ನು ರೂಪಿಸಿದ್ದಾರೆ. 4.5.2, 4.6 ಮತ್ತು 4.6.1 ಆವೃತ್ತಿಗಳಿಗೆ 2022ರ ಏಪ್ರಿಲ್ 26ರಂದು ಬೆಂಬಲ ನಿಂತಿತು, ಏಕೆಂದರೆ ಅವುಗಳಿಗೆ ಹಾಕಿದ ಡಿಜಿಟಲ್ ಸಹಿ ಎಸ್‌ಎಚ್‌ಎ-1 ಎಂಬ ದುರ್ಬಲವಾದ ಹಳೆಯ ವಿಧಾನದ್ದಾಗಿತ್ತು. 2.0 ಮತ್ತು 3.5ರ ಕಾಲದ ತಂತ್ರಾಂಶಗಳಿಗೆ 3.5 ಎಂಬ ಪ್ರತ್ಯೇಕ ಭಾಗ ಬೇಕು. ಅದರ ಬೆಂಬಲ 2029ರ ಜನವರಿ 9ರವರೆಗೆ ಇದೆ. ನಿಮ್ಮ ಕಂಪ್ಯೂಟರಿನಲ್ಲಿ ಯಾವುದಿದೆ ಎಂದು ತಿಳಿಯಲು, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್ ಸೆಟಪ್‌ನ ಕೆಳಗೆ, ನಾಲ್ಕನೆಯ ಆವೃತ್ತಿಯ ‘ಫುಲ್’ ಎಂಬ ಕೀಲಿಯಲ್ಲಿ ‘ರಿಲೀಸ್’ ಎಂಬ ಅಂಕಿಯನ್ನು ನೋಡಬೇಕು. ಅದು 528040 ಅಥವಾ ಅದಕ್ಕಿಂತ ಹೆಚ್ಚಿದ್ದರೆ 4.8 ಇದೆ, 533320 ಅಥವಾ ಅದಕ್ಕಿಂತ ಹೆಚ್ಚಿದ್ದರೆ 4.8.1 ಇದೆ ಎಂದು ಅರ್ಥ.

ಇಷ್ಟಾದರೂ ವ್ಯಾಪಾರಿಗಳ ಹಿಂಜರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅರೇಬಿಕಾ ಪಾರ್ಚ್‌ಮೆಂಟ್, ಆಮೇಲೆ ರೊಬಸ್ಟಾ ಚೆರ್ರಿ ಎಂದು ಜೀಪುಗಳು, ಪಿಕಪ್‌ಗಳು ಅಂಗಡಿಯ ಮುಂದೆ ಸಾಲುಗಟ್ಟಿರುತ್ತವೆ. ಆಗ ತೂಕದ ಕಂಪ್ಯೂಟರ್ ಅರ್ಧ ದಿನ ನಿಂತರೂ ಬೆಳೆಗಾರ ಪಕ್ಕದ ಅಂಗಡಿಗೆ ಹೋಗುತ್ತಾನೆ. ಗೋಣಿಕೊಪ್ಪದ ಒಬ್ಬ ಹಿರಿಯ ವ್ಯಾಪಾರಿ ಪ್ರತಿ ವರ್ಷವೂ, “ನೋಡಪ್ಪ, ಸೀಸನ್ ಮುಗಿಯಲಿ, ಆಮೇಲೆ ಏನು ಬೇಕಾದರೂ ಮಾಡು” ಎನ್ನುತ್ತಾರೆ. “ಅಣ್ಣ, ನಾಲ್ಕು ತಿಂಗಳು ಹಾಗೇ ಬಿಡುವುದು ಬೇಡ, ಸಂಜೆ ಅಂಗಡಿ ಮುಚ್ಚಿದ ಮೇಲೆ ನಾನೇ ಬಂದು ಕೂರುತ್ತೇನೆ” ಎಂದು ಒಪ್ಪಿಸಿ ಕೆಲಸ ಮಾಡುತ್ತೇನೆ. ಅವರ ಭಯಕ್ಕೆ ಆಧಾರವಿಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಭದ್ರತಾ ದುರಸ್ತಿಯಿಂದ ತಂತ್ರಾಂಶ ನಿಂತ ಉದಾಹರಣೆಗಳಿವೆ, ಅವುಗಳಲ್ಲಿ ಒಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಅದು 2020ರ ಜುಲೈ ತಿಂಗಳ ಅಪ್‌ಡೇಟ್. ಡೇಟಾಸೆಟ್, ಡೇಟಾಟೇಬಲ್ ಎಂಬ ಎರಡು ಸೌಲಭ್ಯಗಳು ಫ್ರೇಮ್‌ವರ್ಕ್‌ನಲ್ಲಿ ಮೊದಲಿನಿಂದಲೂ ಇವೆ. ಕೋಷ್ಟಕದ ರೂಪದ ಮಾಹಿತಿಯನ್ನು ಎಕ್ಸ್‌ಎಂಎಲ್ ಕಡತದಲ್ಲಿ ಉಳಿಸಿ ಮತ್ತೆ ಓದಲು ಸಣ್ಣ ತಂತ್ರಾಂಶಗಳವರು ಅವುಗಳನ್ನು ಧಾರಾಳವಾಗಿ ಬಳಸಿದ್ದಾರೆ. ಎಕ್ಸ್‌ಎಂಎಲ್ ಕಡತವೇ ತನ್ನೊಳಗಿನ ಕಾಲಂ ಯಾವ ಬಗೆಯದು ಎಂದು ಹೇಳಬಹುದಿತ್ತು, ಫ್ರೇಮ್‌ವರ್ಕ್ ಅದನ್ನು ನಂಬಿ ಆ ಬಗೆಯ ವಸ್ತುವನ್ನು ಸೃಷ್ಟಿಸುತ್ತಿತ್ತು. ದಾಳಿಕೋರನೊಬ್ಬ ಕಡತವನ್ನು ತಿದ್ದಿ, ಸೃಷ್ಟಿಯಾಗುವಾಗಲೇ ಅಪಾಯಕರ ಕೆಲಸ ಮಾಡುವ ಬಗೆಯೊಂದನ್ನು ಅಲ್ಲಿ ಬರೆದರೆ ಕಂಪ್ಯೂಟರ್ ಅವನ ಕೈಗೆ ಹೋಗುತ್ತದೆ. ಸಿವಿಇ-2020-1147 ಎಂದು ಗುರುತಿಸಲಾದ ಈ ದೋಷಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ ಸರಿಯಾದದ್ದೇ: ಸಂಖ್ಯೆ, ಪಠ್ಯ, ದಿನಾಂಕ ಮುಂತಾದ ಗೊತ್ತಿರುವ ಬಗೆಗಳ ಪಟ್ಟಿಯನ್ನು ಮಾಡಿ, ಆ ಪಟ್ಟಿಯ ಹೊರಗಿನ ಯಾವುದನ್ನೂ ಸೃಷ್ಟಿಸದೆ ದೋಷ ಸಂದೇಶ ಕೊಟ್ಟು ನಿಲ್ಲುವುದು. ಆದರೆ ತನ್ನದೇ ಬಗೆಯೊಂದನ್ನು ಕಾಲಂನಲ್ಲಿ ಪ್ರಾಮಾಣಿಕವಾಗಿ ಇಟ್ಟುಕೊಂಡಿದ್ದ ತಂತ್ರಾಂಶವೂ ಆ ದಿನದಿಂದ ತನ್ನ ಹಳೆಯ ಕಡತವನ್ನು ಓದಲಾರದೆ ಹೋಯಿತು.

ನಾನು ನೋಡಿಕೊಳ್ಳುತ್ತಿದ್ದ ಒಂದು ಅಂಗಡಿಯಲ್ಲಿ ಮೆಣಸಿನ ಖರೀದಿಯ ಕಡತ ತೆರೆಯದೆ, ‘ಈ ಬಗೆಗೆ ಇಲ್ಲಿ ಅನುಮತಿ ಇಲ್ಲ’ ಎಂಬರ್ಥದ ಸಂದೇಶ ಬಂದು ನಿಂತಿತು. ಅಪ್‌ಡೇಟನ್ನು ತೆಗೆದುಹಾಕಿ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬಂತು. ತೆಗೆದರೆ ತಂತ್ರಾಂಶ ನಡೆಯುತ್ತಿತ್ತು, ದೋಷವೂ ಮರಳಿ ಬಂದು ಕೂರುತ್ತಿತ್ತು. ಫ್ರೇಮ್‌ವರ್ಕ್ ಇದಕ್ಕೆ ಇನ್ನೊಂದು ದಾರಿ ಇಟ್ಟಿದೆ. ತಂತ್ರಾಂಶದ ಪಕ್ಕದಲ್ಲೇ ಇರುವ ಕಾನ್ಫಿಗ್ ಕಡತದಲ್ಲಿ, ಡೇಟಾಸೆಟ್‌ಗೆ ಹೆಚ್ಚುವರಿಯಾಗಿ ಅನುಮತಿಸಬೇಕಾದ ಬಗೆಯ ಪೂರ್ಣ ಹೆಸರನ್ನು ಬರೆದರೆ ಆ ಒಂದು ಬಗೆಗೆ ಮಾತ್ರ ಬಾಗಿಲು ತೆರೆಯುತ್ತದೆ. ಉಳಿದದ್ದಕ್ಕೆಲ್ಲ ತಡೆ ಹಾಗೆಯೇ ಇರುತ್ತದೆ. ಕಾನ್ಫಿಗ್ ಕಡತ ಬರಿಯ ಪಠ್ಯ. ಅದನ್ನು ತಿದ್ದಲು ಮೂಲ ಕೋಡ್ ಬೇಡ, ಬರೆದವನೂ ಬೇಡ. ಹೆಸರು ದೋಷ ಸಂದೇಶದಲ್ಲೇ ಇತ್ತು. ಅದನ್ನು ಸೇರಿಸಿದ ಮೇಲೆ ಕಡತ ತೆರೆಯಿತು. ಎಲ್ಲ ಬಗೆಗಳಿಗೂ ಒಟ್ಟಿಗೆ ಅನುಮತಿ ಕೊಡುವ ಇನ್ನೊಂದು ಆಯ್ಕೆಯೂ ಇದೆ. ಸುಲಭವೆಂದು ಅದನ್ನು ಬಳಸುವವರಿದ್ದಾರೆ, ಆದರೆ ಅದು ದುರಸ್ತಿಯನ್ನು ಪೂರ್ತಿ ರದ್ದು ಮಾಡಿದಂತೆಯೇ ಸರಿ.

ಈ ಅನುಭವದಿಂದ ನಾನು ಕಂಡುಕೊಂಡ ಕ್ರಮ ಸರಳವಾಗಿದೆ. ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ತೂಕದ ಕಂಪ್ಯೂಟರಿಗೆ ಮೊದಲು ಕೈಹಾಕುವುದಿಲ್ಲ. ಲೆಕ್ಕದ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಹಾಕಿ, ಅದೇ ತಂತ್ರಾಂಶದಲ್ಲಿ ಹಳೆಯ ಕಡತ ತೆರೆದು, ಒಂದು ಚೀಟಿ ಮುದ್ರಿಸಿ, ದಿನದ ಮೊತ್ತ ತೆಗೆದು ನೋಡುತ್ತೇನೆ. ಎರಡು ಮೂರು ದಿನ ಏನೂ ತೊಂದರೆ ಕಾಣದಿದ್ದರೆ, ಸಂತೆಯ ದಿನ ಬಿಟ್ಟು ಬೇರೊಂದು ಸಂಜೆ ತೂಕದ ಕಂಪ್ಯೂಟರಿಗೆ ಹಾಕುತ್ತೇನೆ.

ಅಪ್‌ಡೇಟ್ ಹಾಕಿದ ಮೇಲೆ ಕಂಪ್ಯೂಟರ್ ನಿಧಾನವಾಯಿತು ಎಂಬ ದೂರು ಬಹಳ ಸಾಮಾನ್ಯ, ಮತ್ತು ಅದು ನಿಜ ಕೂಡ. ಟಾಸ್ಕ್ ಮ್ಯಾನೇಜರ್ ತೆರೆದರೆ ಎಂಎಸ್‌ಕಾರ್‌ಎಸ್‌ವಿಡಬ್ಲ್ಯು ಎಂಬ ಹೆಸರಿನ ಪ್ರಕ್ರಿಯೆ ಪ್ರೊಸೆಸರಿನ ದೊಡ್ಡ ಪಾಲನ್ನು ತಿನ್ನುತ್ತಿರುವುದು ಕಾಣುತ್ತದೆ. ಅದು ವೈರಸ್ ಎಂದು ಹೆದರಿ ಅದನ್ನು ಕೊಲ್ಲುವವರನ್ನು ನೋಡಿದ್ದೇನೆ. ಅದು ಫ್ರೇಮ್‌ವರ್ಕ್‌ನದೇ ಸೇವೆ. ಹೊಸದಾಗಿ ಬಂದ ಭಾಗಗಳನ್ನು ಆ ಕಂಪ್ಯೂಟರಿನ ಪ್ರೊಸೆಸರಿಗೆ ತಕ್ಕಂತೆ ಮುಂಚಿತವಾಗಿ ಕಂಪೈಲ್ ಮಾಡಿಡುತ್ತಿರುತ್ತದೆ, ಮುಗಿದ ಮೇಲೆ ತಾನಾಗಿಯೇ ಸುಮ್ಮನಾಗುತ್ತದೆ. ಕಂಪ್ಯೂಟರ್ ಬಿಡುವಾಗಿರುವ ಹೊತ್ತಿಗಾಗಿ ಅದು ಕಾಯುವುದರಿಂದ, ಅಂಗಡಿ ಮುಚ್ಚಿದ ಕೂಡಲೇ ಕಂಪ್ಯೂಟರ್ ಆರಿಸುವ ಕಡೆಗಳಲ್ಲಿ ಈ ಕೆಲಸ ದಿನಗಟ್ಟಲೆ ಎಳೆಯುತ್ತದೆ. ಅಪ್‌ಡೇಟ್ ಹಾಕಿದ ಸಂಜೆ ಸ್ವಲ್ಪ ಹೊತ್ತು ಹೆಚ್ಚಾಗಿ ಕಂಪ್ಯೂಟರನ್ನು ಚಾಲೂ ಇಟ್ಟರೆ ಸಾಕು. ಅವಸರವಿದ್ದರೆ ಎನ್‌ಜೆನ್ ಎಂಬ ಆದೇಶದ ಮೂಲಕ ಬಾಕಿ ಇರುವ ಕಂಪೈಲ್ ಕೆಲಸಗಳನ್ನೆಲ್ಲ ಒಮ್ಮೆಗೇ ಮುಗಿಸಬಹುದು.

ಇನ್ನು ನಮ್ಮ ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಭಾಗಮಂಡಲ, ನಾಪೋಕ್ಲು ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ, ಅದರ ಬೆನ್ನಿಗೇ ಮೊಬೈಲ್ ಟವರ್ ಕೂಡ ನಿಲ್ಲುತ್ತದೆ. ಬಹಳ ಹೋಂಸ್ಟೇಗಳಲ್ಲಿ ಇಂಟರ್ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್. ಅದನ್ನು ‘ಮೀಟರ್ಡ್’ (ಡೇಟಾ ಮಿತಿಯುಳ್ಳ ಸಂಪರ್ಕ) ಎಂದು ಗುರುತಿಸಿಟ್ಟಿದ್ದರೆ ವಿಂಡೋಸ್ ಸಾಮಾನ್ಯವಾಗಿ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ಹೀಗಾಗಿ ಯಾರೂ ನಿಲ್ಲಿಸದಿದ್ದರೂ ತಿಂಗಳುಗಟ್ಟಲೆ ಅಪ್‌ಡೇಟ್ ನಿಂತುಹೋಗಿರುತ್ತದೆ. ಇದಕ್ಕೆ ಒಳ್ಳೆಯ ಉಪಾಯ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಜಾಲತಾಣ. ಆ ತಿಂಗಳ ಕೆಬಿ ಸಂಖ್ಯೆಯನ್ನು ಹುಡುಕಿ, ನಿಮ್ಮ ವಿಂಡೋಸ್ ಆವೃತ್ತಿಗೂ 32 ಅಥವಾ 64 ಬಿಟ್‌ಗೂ ಹೊಂದುವ ಎಂಎಸ್‌ಯು ಕಡತವನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಳ್ಳೆಯ ಫೈಬರ್ ಸಂಪರ್ಕ ಇರುವಲ್ಲಿ ಒಮ್ಮೆ ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ಒಯ್ದು ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು. ಫ್ರೇಮ್‌ವರ್ಕ್‌ನ ಅಪ್‌ಡೇಟ್ ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಿಂತ ಬಹಳ ಚಿಕ್ಕದು. ಜೊತೆಗೆ ಅದು ಸಂಚಿತ ರೂಪದ್ದು, ಅಂದರೆ ಹಿಂದಿನ ತಿಂಗಳುಗಳ ದುರಸ್ತಿಗಳೆಲ್ಲ ಹೊಸದರಲ್ಲೇ ಸೇರಿರುತ್ತವೆ. ಮಳೆಗಾಲದ ಮೂರು ತಿಂಗಳು ತಪ್ಪಿಹೋದರೂ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಇತ್ತೀಚಿನದೊಂದನ್ನು ಹಾಕಿದರೆ ಸಾಕು. ಕಡತದ ಪ್ರಾಪರ್ಟೀಸ್‌ನಲ್ಲಿ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇದೆಯೇ ಎಂದು ನೋಡುವುದನ್ನು ಮಾತ್ರ ಬಿಡಬಾರದು. ಪರಿಚಯದವರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಅಪ್‌ಡೇಟ್ ಕಡತವನ್ನು ಎಂದೂ ಹಾಕಬಾರದು.

ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋದರೆ ವಿಂಡೋಸ್ ಸಾಮಾನ್ಯವಾಗಿ ಅರ್ಧವಾದ ಬದಲಾವಣೆಗಳನ್ನು ಹಿಂದಕ್ಕೆ ತೆಗೆದುಕೊಂಡು ಮೊದಲಿನ ಸ್ಥಿತಿಗೆ ಬರುತ್ತದೆ. ಹಾಗೆಂದು ಅದನ್ನೇ ನಂಬಿ ಕೂರಬಾರದು. ಅಂಗಡಿಯ ಹಳೆಯ ಯುಪಿಎಸ್ ಬ್ಯಾಟರಿ ಕೆಲವೇ ನಿಮಿಷ ತಡೆಯುತ್ತದೆ. ಜನರೇಟರ್ ಇದ್ದರೆ ಅದರ ಮೇಲೆ ನಡೆಸುವುದು ಒಳ್ಳೆಯದು.

ನಮ್ಮ ತೂಕದ ಕಂಪ್ಯೂಟರಿಗೆ ಇಂಟರ್ನೆಟ್ಟೇ ಇಲ್ಲ ಎನ್ನುವವರೂ ಇದ್ದಾರೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನ ಅದೇ ಕಂಪ್ಯೂಟರಿಗೆ ಹಾಟ್‌ಸ್ಪಾಟ್ ಜೋಡಿಸುವುದನ್ನು ನಾನು ಕಂಡಿದ್ದೇನೆ.

ಈವರೆಗೆ ಹೇಳಿದ್ದೆಲ್ಲ ವಿಂಡೋಸ್‌ನೊಳಗೆ ಇರುವ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ಗೆ ಅನ್ವಯಿಸುತ್ತದೆ. ಫ್ರೇಮ್‌ವರ್ಕ್ ತಂತ್ರಾಂಶದ ಒಳಗೇ ಕಟ್ಟಿಕೊಂಡು ಬಂದಿದ್ದರೆ ಕಾರ್ಯಾಚರಣೆ ವ್ಯವಸ್ಥೆಯ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಇದು ಎಷ್ಟು ಗಂಭೀರ ಎಂಬುದನ್ನು ಜನರ ಸಾಲದ ಮಾಹಿತಿ ಇಟ್ಟುಕೊಳ್ಳುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯ ಪ್ರಕರಣ ತೋರಿಸಿತು. ಜಾವಾದಲ್ಲಿ ವೆಬ್ ತಂತ್ರಾಂಶ ಬರೆಯಲು ಬಳಸುವ ಅಪಾಚೆ ಸ್ಟ್ರಟ್ಸ್ ಎಂಬ ಫ್ರೇಮ್‌ವರ್ಕ್‌ನಲ್ಲಿ ಒಂದು ದೋಷ ಪತ್ತೆಯಾಗಿ, 2017ರ ಮಾರ್ಚ್ ಮೊದಲ ವಾರದಲ್ಲೇ ಅದಕ್ಕೆ ದುರಸ್ತಿ ಬಿಡುಗಡೆಯಾಗಿತ್ತು. ಆದರೆ ಸ್ಟ್ರಟ್ಸ್ ಪ್ರತಿಯೊಂದು ತಂತ್ರಾಂಶದೊಳಗೂ ಪ್ರತ್ಯೇಕವಾಗಿ ಕುಳಿತಿರುವುದರಿಂದ ಪ್ರತಿಯೊಂದನ್ನೂ ಹುಡುಕಿ ಹೊಸದಾಗಿ ಕಟ್ಟಬೇಕಿತ್ತು. ಈಕ್ವಿಫ್ಯಾಕ್ಸ್‌ನಲ್ಲಿ ಗ್ರಾಹಕರ ದೂರು ಸ್ವೀಕರಿಸುವ ಒಂದು ತಾಣ ಹಾಗೆಯೇ ಉಳಿದುಹೋಯಿತು. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ದಾಳಿಕೋರರು ಅದರ ಮೂಲಕ ಒಳಗಿದ್ದರು, ಸುಮಾರು 14.7 ಕೋಟಿ ಜನರ ವೈಯಕ್ತಿಕ ವಿವರ ಅವರ ಕೈಸೇರಿತು. ದುರಸ್ತಿ ಬಂದು ಎರಡು ತಿಂಗಳಾದ ಮೇಲೆ ನಡೆದ ಕಳ್ಳತನ ಅದು.

ಡಾಟ್‌ನೆಟ್‌ನ ಹೊಸ ಪೀಳಿಗೆಯಲ್ಲಿ ಈಗ ಇದೇ ಪರಿಸ್ಥಿತಿ ನಮ್ಮ ಊರುಗಳಿಗೂ ಬಂದಿದೆ. ಮೊದಲು ಡಾಟ್‌ನೆಟ್ ಕೋರ್ ಎಂದು ಕರೆಯುತ್ತಿದ್ದ, ಈಗ 8, 9, 10 ಎಂಬ ಸಂಖ್ಯೆಗಳಿಂದ ಗುರುತಿಸುವ ಆವೃತ್ತಿಗಳಲ್ಲಿ ತಂತ್ರಾಂಶವನ್ನು ಎರಡು ರೀತಿಯಲ್ಲಿ ಕೊಡಬಹುದು. ಒಂದು ರೀತಿಯಲ್ಲಿ ರನ್‌ಟೈಮ್, ಅಂದರೆ ತಂತ್ರಾಂಶ ನಡೆಯಲು ಬೇಕಾದ ಫ್ರೇಮ್‌ವರ್ಕ್‌ನ ಭಾಗ, ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಇರುತ್ತದೆ. ವಿಂಡೋಸ್ ಅಪ್‌ಡೇಟ್‌ನ ಸೆಟ್ಟಿಂಗ್‌ನಲ್ಲಿ ಮೈಕ್ರೋಸಾಫ್ಟ್‌ನ ಇತರ ಉತ್ಪನ್ನಗಳಿಗೂ ಅಪ್‌ಡೇಟ್ ಪಡೆಯುವ ಆಯ್ಕೆಯನ್ನು ಚಾಲೂ ಮಾಡಿದ್ದರೆ ಅದರ ದುರಸ್ತಿಯೂ ಅದೇ ದಾರಿಯಲ್ಲಿ ಬರುತ್ತದೆ. ಉಬುಂಟು ಎಂಬ ಲಿನಕ್ಸ್ ಸರ್ವರಿನಲ್ಲಿ ಅದರ ತಂತ್ರಾಂಶ ಹಾಕುವ ಸಾಧನವಾದ ಆಪ್ಟ್ ಮೂಲಕ ರನ್‌ಟೈಮ್ ಹಾಕಿದ್ದರೆ ಅಲ್ಲಿಯೂ ಹಾಗೆಯೇ, ವ್ಯವಸ್ಥೆಯ ಅಪ್‌ಡೇಟ್ ಜೊತೆಗೇ ಬರುತ್ತದೆ. ಇನ್ನೊಂದು ರೀತಿಯಲ್ಲಿ ರನ್‌ಟೈಮ್ ತಂತ್ರಾಂಶದ ಫೋಲ್ಡರಿನಲ್ಲೇ ತುಂಬಿ ಬಂದಿರುತ್ತದೆ. ಇಂಥದ್ದನ್ನು ಸೆಲ್ಫ್-ಕಂಟೇನ್ಡ್ ಎನ್ನುತ್ತಾರೆ. ಫೋಲ್ಡರ್ ತೆರೆದು ನೋಡಿದಾಗ ಕೋರ್‌ಸಿಎಲ್‌ಆರ್ ಎಂಬ ಡಿಎಲ್‌ಎಲ್ ಕಡತ ಅಲ್ಲೇ ಇದ್ದರೆ ಇದೇ ಎಂದು ತಿಳಿಯಬಹುದು. ಯಾವ ಕಂಪ್ಯೂಟರಿಗೆ ಹಾಕಿದರೂ ನಡೆಯುತ್ತದೆ ಎಂಬ ಕಾರಣಕ್ಕೆ ಮಾರಾಟಗಾರರಿಗೆ ಇದು ಇಷ್ಟ. ಆದರೆ ಅವರು ಹೊಸ ರನ್‌ಟೈಮ್ ಜೊತೆ ಮತ್ತೆ ಕಟ್ಟಿ ಕಳುಹಿಸುವವರೆಗೆ ದೋಷ ಹಾಗೆಯೇ ಇರುತ್ತದೆ, ವಿಂಡೋಸ್ ಎಷ್ಟೇ ಅಪ್‌ಡೇಟ್ ಆಗಿದ್ದರೂ ಪ್ರಯೋಜನವಿಲ್ಲ.

2025ರ ಅಕ್ಟೋಬರ್ 14ರಂದು ಈ ವ್ಯತ್ಯಾಸ ಸ್ಪಷ್ಟವಾಗಿ ಎದುರಾಯಿತು. ಡಾಟ್‌ನೆಟ್‌ನಲ್ಲಿ ವೆಬ್ ತಂತ್ರಾಂಶ ಬರೆಯಲು ಬಳಸುವ ಎಎಸ್‌ಪಿ ಡಾಟ್‌ನೆಟ್ ಕೋರ್‌ನ ಕೆಸ್ಟ್ರೆಲ್ ಎಂಬ ವೆಬ್ ಸರ್ವರಿನಲ್ಲಿ ಸಿವಿಇ-2025-55315 ಎಂಬ ದೋಷವನ್ನು ಅಂದು ಪ್ರಕಟಿಸಿದರು. ತೀವ್ರತೆ 10ಕ್ಕೆ 9.9. ಬ್ರೌಸರಿನಿಂದ ಬರುವ ಒಂದು ಕೋರಿಕೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬ ವಿಷಯದಲ್ಲಿ ಮುಂದೆ ನಿಂತು ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿ ಸರ್ವರಿಗೂ ಹಿಂದಿರುವ ಕೆಸ್ಟ್ರೆಲ್‌ಗೂ ಭಿನ್ನಾಭಿಪ್ರಾಯ ಹುಟ್ಟುವಂತೆ ಮಾಡಿ, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಅಡಗಿಸಿ ಒಳಗೆ ದಾಟಿಸಬಹುದಾಗಿತ್ತು. ಅಡಗಿದ ಕೋರಿಕೆ ಲಾಗಿನ್ ಪರೀಕ್ಷೆಯನ್ನು ತಪ್ಪಿಸಿಕೊಂಡು ಹೋಗುವ ಸಾಧ್ಯತೆ ಇತ್ತು. ದುರಸ್ತಿ 8.0.21 ಮತ್ತು 9.0.10 ಆವೃತ್ತಿಗಳಲ್ಲಿ ಬಂತು. ರನ್‌ಟೈಮ್ ಪ್ರತ್ಯೇಕವಾಗಿದ್ದವರಿಗೆ ಅದನ್ನು ಹಾಕಿ ತಂತ್ರಾಂಶವನ್ನು ಮರುಚಾಲನೆ ಮಾಡಿದರೆ ಕೆಲಸ ಮುಗಿಯಿತು. ಉಳಿದವರು ಮಾರಾಟಗಾರರ ದಾರಿ ಕಾಯಬೇಕಾಯಿತು. ಹೋಂಸ್ಟೇಗಳ ಕೊಠಡಿ ಕಾಯ್ದಿರಿಸುವ ತಂತ್ರಾಂಶಗಳಲ್ಲಿ ಅತಿಥಿಗಳ ಆಧಾರ್ ಪ್ರತಿ, ಫೋನ್ ಸಂಖ್ಯೆ, ವಿದೇಶಿಯರಾದರೆ 24 ಗಂಟೆಯೊಳಗೆ ವಲಸೆ ಅಧಿಕಾರಿಗಳಿಗೆ ಸಲ್ಲಿಸಬೇಕಾದ, ಹಿಂದೆ ಸಿ ಫಾರಂ ಎನ್ನುತ್ತಿದ್ದ ಫಾರಂಗಾಗಿ ಪಡೆದ ಪಾಸ್‌ಪೋರ್ಟ್ ವಿವರ ಇರುತ್ತವೆ. ನಮ್ಮನ್ನು ನಂಬಿ ಮನೆಯೊಳಗೆ ಬಂದು ತಂಗಿದವರ ಕಾಗದಗಳವು. ಅವುಗಳ ರಕ್ಷಣೆಗೆ ತಕ್ಕ ಕ್ರಮ ಕೈಗೊಳ್ಳುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವುಗಳನ್ನು ಸಂಗ್ರಹಿಸಿಟ್ಟವರ ಮೇಲೆಯೇ ಹಾಕುತ್ತದೆ. ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ.

ಅದೇ ಅಕ್ಟೋಬರ್ 14ರಂದೇ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರ ಆಯಸ್ಸು ಅದು ಕುಳಿತಿರುವ ವಿಂಡೋಸ್‌ನ ಆಯಸ್ಸಿಗೆ ಕಟ್ಟಿರುವುದರಿಂದ, ವಿಂಡೋಸ್ 10ರ ಕಂಪ್ಯೂಟರ್‌ಗಳಲ್ಲಿ ಫ್ರೇಮ್‌ವರ್ಕ್‌ಗೆ ಬರುತ್ತಿದ್ದ ಮಾಮೂಲು ದುರಸ್ತಿಯೂ ಅಲ್ಲಿಗೇ ನಿಲ್ಲುತ್ತದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿದವರಿಗೆ ಒಂದು ವರ್ಷದ ಅವಕಾಶ ಸಿಗುತ್ತದೆ, 2026ರ ಅಕ್ಟೋಬರ್ 13ರವರೆಗೆ. ಕಂಪ್ಯೂಟರ್ ಬದಲಿಸಲು ಈ ಸೀಸನ್‌ನಲ್ಲಿ ಹಣ ಹೊಂದಿಸಲಾಗದವರು ಕನಿಷ್ಠ ನೋಂದಾವಣೆಯನ್ನಾದರೂ ಮಾಡಲೇಬೇಕು ಎಂಬುದು ನನ್ನ ಒತ್ತಾಯ.

ಹೊಸ ತಂತ್ರಾಂಶ ಕೊಳ್ಳುವವರಿಗೆ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಕೆಲವು ಮಾತುಗಳನ್ನು ಬರೆಸಿಕೊಳ್ಳಿ ಎಂದು ನಾನು ಈಗ ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ತಂತ್ರಾಂಶ ಯಾವ ಫ್ರೇಮ್‌ವರ್ಕ್‌ನ ಯಾವ ಆವೃತ್ತಿಯ ಮೇಲಿದೆ, ಆ ಆವೃತ್ತಿಯ ಬೆಂಬಲ ಯಾವ ದಿನ ಮುಗಿಯುತ್ತದೆ ಎಂಬುದು ಕಾಗದದ ಮೇಲಿರಬೇಕು. ಡಾಟ್‌ನೆಟ್ 8 ಆದರೆ ಆ ದಿನ 2026ರ ನವೆಂಬರ್ 10, ಅಂದರೆ ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತು, ಆದ್ದರಿಂದ ಮುಂದಿನ ಆವೃತ್ತಿಗೆ ಏರಿಸುವ ಕೆಲಸ ಅದಕ್ಕೂ ಮೊದಲೇ, ಮಳೆಗಾಲದ ಬಿಡುವಿನಲ್ಲೇ ಆಗಬೇಕು. ರನ್‌ಟೈಮ್ ಒಳಗೇ ಕಟ್ಟಿ ಕೊಡುವುದಾದರೆ ಭದ್ರತಾ ದುರಸ್ತಿ ಬಿಡುಗಡೆಯಾದ ಎಷ್ಟು ದಿನದೊಳಗೆ ಹೊಸದಾಗಿ ಕಟ್ಟಿ ಕಳುಹಿಸುತ್ತಾರೆ ಎಂಬುದನ್ನೂ ಅವರ ಸಹಿಯೊಂದಿಗೆ ಬರೆಸಿಕೊಳ್ಳಬೇಕು. ದಿನ ಹೇಳಲು ಒಪ್ಪದ ಮಾರಾಟಗಾರರಿಗೆ, ರನ್‌ಟೈಮನ್ನು ಪ್ರತ್ಯೇಕವಾಗಿ ಇಡುವ ರೀತಿಯಲ್ಲೇ ಕಟ್ಟಿಕೊಡಿ ಎಂದು ಕೇಳಬೇಕು. ಆಗ ಆ ಆವೃತ್ತಿಗೆ ಬೆಂಬಲ ಇರುವವರೆಗೆ ಬುಧವಾರದ ಅಪ್‌ಡೇಟ್ ಅದರ ರನ್‌ಟೈಮನ್ನೂ ತಲುಪುತ್ತದೆ.